ಮಣ್ಣಿನ ಗುಬ್ಬಿಯ ಎರಡನೇ ಸಾಲು

ಜೂನ್ ೩, ಸೋಮವಾರ

ಆಸ್ಪತ್ರೆಯಿಂದ ಇವಳನ್ನು ಮನೆಗೆ ಕರೆತಂದೆ. ಹೋಗುವಾಗ ಇಬ್ಬರು, ಬರುವಾಗ ಒಂದೂವರೆ. ಹೆಂಡತಿಯ ಬಗ್ಗೆ ಹೀಗೆಲ್ಲ ಬರೆಯಬಾರದು. ಆದರೆ ಇದನ್ನು ಯಾರೂ ಓದುವುದಿಲ್ಲ; ಆ ಮಟ್ಟಿಗೆ ಇದೂ ನನ್ನ ಉಳಿದ ಬರವಣಿಗೆಯ ಹಾಗೆಯೇ.

ತಲೆಯ ಎಡಗಡೆ ರಕ್ತ ಹೆಪ್ಪುಗಟ್ಟಿದ್ದು ಒಂದು ಕಡೆ, ಪೆಟ್ಟು ಬಿದ್ದದ್ದು ಮೂರು ಕಡೆ: ಬಲಗಾಲು, ಬಲಗೈ, ಮಾತು. ಕಾಲು ಬರುತ್ತದೆ ಎಂದರು ವೈದ್ಯರು. ಕೈ ನೋಡೋಣ ಎಂದರು. ಮಾತಿನ ವಿಷಯ ಬಂದಾಗ ಅವರಿಗೂ ಮಾತು ತಡವರಿಸಿತು. "ನಾವು ಹೇಳೋದೆಲ್ಲ ಅವರಿಗೆ ಅರ್ಥ ಆಗುತ್ತೆ. ಅವರು ಹೇಳಬೇಕಾದ್ದಕ್ಕೆ ಪದ ಸಿಗಲ್ಲ, ಅಷ್ಟೇ." ಅಷ್ಟೇಯಂತೆ.

ಇವಳ ಬಾಯಲ್ಲಿ ಒಂದೇ ಒಂದು ಪದ ಉಳಿದಿದೆ: "ಮುಂದೆ". ನರ್ಸ್ "ಹೆಸರೇನಮ್ಮಾ?" ಎಂದರೆ "ಮುಂದೆ". "ನೋವಿದೆಯಾ?" ಎಂದರೆ "ಮುಂದೆ". ನರ್ಸ್, ಪಾಪ, ಮಂಚವನ್ನೇ ಒಂದು ಗೇಣು ಮುಂದಕ್ಕೆ ತಳ್ಳಿದಳು. ಇವಳು ನನ್ನ ಮುಖ ನೋಡಿದಳು. ಮೊದಲಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಮೇಜಿನ ಮೇಲೆ ಮಾತ್ರೆ, ಮಂಚದ ಕೆಳಗೆ ಪಾತ್ರೆ, ನಡುವೆ ನಮ್ಮ ಯಾತ್ರೆ. ಛೆ. ಮನೆಗೆ ಬೆಂಕಿ ಬಿದ್ದರೂ ಈ ಬಾಯಿ ಪ್ರಾಸ ಹುಡುಕುತ್ತದೆ.

ಜೂನ್ ೬, ಗುರುವಾರ

ಮಾತು ಕಲಿಸುವ ಮೇಡಂ ಬಂದಿದ್ದರು. ಚಿತ್ರದ ಹಲಗೆಗಳನ್ನು ಒಂದೊಂದಾಗಿ ತೋರಿಸಿದರು. ಕಪ್ಪು ಬಿಳುಪಿನ ಬೆಕ್ಕು: "ಮುಂದೆ". ಬಾಚಣಿಗೆ: "ಮುಂದೆ". ಕೊಡೆಯ ಹೊತ್ತಿಗೆ ಇವಳು ಮುಖ ತಿರುಗಿಸಿದಳು.

ಹೊರಗೆ ಬಂದು ಮೇಡಂ ನನಗೆ ಹೇಳಿದರು: "ಈ ಕಾಯಿಲೇಲಿ ಒಂದು ಪದ ಬಾಯಿಗೆ ಅಂಟಿಕೊಂಡುಬಿಡುತ್ತೆ. ಯಾಕೆ ಅದೇ ಪದ ಅಂತ ಹೇಳೋಕಾಗಲ್ಲ. ಆದ್ರೆ ಬಾಯಿಪಾಠ ಇರೋದು ತಲೇಲಿ ಬೇರೆ ಜಾಗದಲ್ಲಿ ಕೂತಿರುತ್ತೆ. ಪದ್ಯ, ಎಣಿಕೆ, ಬೈಗುಳ. ಮೊದಲನೇ ಸಾಲು ನೀವು ಹೇಳಿ, ಎರಡನೇದು ಅವರಿಗೆ ಬಿಡಿ. ಎಷ್ಟೋ ಜನಕ್ಕೆ ಅಲ್ಲಿಂದ ಮಾತು ಶುರುವಾಗಿದೆ. ಮೊದಲ ಕೆಲವು ತಿಂಗಳೇ ಮುಖ್ಯ, ನೆನಪಿಡಿ. ಅವರಿಗೆ ಬಾಯಿಗೆ ಬರೋ ಪದ್ಯ ಯಾವುದಿದೆ?"

"ನಾನು ಬರೆದಿದ್ದಿವೆ," ಎಂದೆ.

ಇವಳ ತಂಗಿ ಅಲ್ಲೇ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಿ "ಅಯ್ಯೋ ಭಾವ" ಎಂದಳು. ಅಷ್ಟರಲ್ಲೇ ಒಂದು ವಿಮರ್ಶೆ ಇತ್ತು.

ನನ್ನ ಕಸುಬನ್ನು ನನಗೇ ವಿವರಿಸಿಕೊಳ್ಳಬೇಕು, ಇಲ್ಲದಿದ್ದರೆ ನಂಬಿಕೆ ಬರುವುದಿಲ್ಲ. ನಮ್ಮ ಕಂಪನಿ ಒಂದು ವಿಡಿಯೋ ಆಟ ಮಾಡುತ್ತದೆ, "ದೀಪದವನು". ಐದು ಭಾಗ ಬಂದಿವೆ. ಜನವೇ ಇಲ್ಲದ ಒಂದು ಊರಿನಲ್ಲಿ ಒಬ್ಬ ಬೀದಿ ಬೀದಿ ಅಲೆದು ದೀಪ ಹಚ್ಚುತ್ತಾನೆ. ಪ್ರತಿ ಭಾಗದಲ್ಲೂ ಅಲ್ಲಲ್ಲಿ ಮಣ್ಣಿನ ಗುಬ್ಬಿಗಳು ಅಡಗಿರುತ್ತವೆ. ಹತ್ತಿರ ಹೋದರೆ ಚಿಂವ್ ಎನ್ನುತ್ತವೆ. ಎತ್ತಿಕೊಂಡರೆ ಪರದೆಯ ಮೇಲೆ ಎರಡು ಸಾಲಿನ ಪದ್ಯ. ಗುಬ್ಬಿಯಿಂದ ಬೇರೆ ಯಾವ ಲಾಭವೂ ಇಲ್ಲ; ಬಾಗಿಲು ತೆರೆಯುವುದಿಲ್ಲ, ಆಯುಷ್ಯ ಹೆಚ್ಚುವುದಿಲ್ಲ. ಸಾಹಿತ್ಯದಿಂದ ಆಗುವ ಉಪಕಾರವೆಲ್ಲ ಅದರಿಂದಲೂ ಆಗುತ್ತದೆ.

ಆ ಎರಡು ಸಾಲು ಬರೆಯುವವನು ನಾನು. ಹಾಳೆಯಲ್ಲಿ ಗುಬ್ಬಿಯ ಸಂಖ್ಯೆ ಬರುತ್ತದೆ, ಪಕ್ಕದಲ್ಲಿ ನಾನು ತುಂಬುತ್ತೇನೆ. ಯಾವ ಗುಬ್ಬಿ ಎಲ್ಲಿದೆ ಎಂದು ಕೇಳಿದವನಲ್ಲ, ಆಟವನ್ನು ಒಮ್ಮೆಯೂ ಆಡಿದವನಲ್ಲ. ಅಡುಗೆಯವನು ಪಂಕ್ತಿಯಲ್ಲಿ ಕೂರುವುದಿಲ್ಲ ಎನ್ನುವುದು ನನ್ನ ಗತ್ತು.

ಆಡುತ್ತಿದ್ದವಳು ಇವಳು. ಇವಳು ಹಲ್ಲಿನ ಸೆಟ್ ಮಾಡುತ್ತಿದ್ದಳು. ಲ್ಯಾಬಿನಲ್ಲಿ ವಾರವಿಡೀ ಮೇಣ ಕೆತ್ತಿ, ಭಾನುವಾರ ಕಾಲು ಚಾಚಿ ಗುಬ್ಬಿ ಬೇಟೆಗೆ ಕೂರುತ್ತಿದ್ದಳು. ಊಟಕ್ಕೆ ಉಪ್ಪು ಹೆಚ್ಚಾದರೆ ತಟ್ಟೆ ಸರಿಸುತ್ತಿದ್ದಳು. ನನ್ನನ್ನು ಪ್ರಾಸಪ್ಪ ಎಂದು ಕರೆಯುತ್ತಿದ್ದಳು. "ನಾನು ಕಟ್ಟಿದ ಹಲ್ಲು ಪೇಟೆಯ ಅರ್ಧ ಮುದುಕರ ಬಾಯಲ್ಲಿದೆ. ನೀವು ಕಟ್ಟಿದ ಪದ್ಯ ಯಾರ ಬಾಯಲ್ಲಿದೆ, ಪ್ರಾಸಪ್ಪ?" ಎನ್ನುತ್ತಿದ್ದಳು. ನನ್ನ ಪದ್ಯ ಬಂದ ಕೂಡಲೇ ಗುಂಡಿ ಒತ್ತಿ ದಾಟಿಬಿಡುತ್ತಿದ್ದಳು. ಪಕ್ಕದ ಮೇಜಿನಲ್ಲಿ ಕೂತ ನನಗೆ ಎಲ್ಲ ಕೇಳಿಸುತ್ತಿತ್ತು. ಚಿಂವ್. ಟಕ್. ನಡುವೆ ಒಂದು ಪದ ಓದುವಷ್ಟೂ ಬಿಡುವಿರುತ್ತಿರಲಿಲ್ಲ.

ಆದರೂ ಅಷ್ಟು ವರ್ಷ ಕಣ್ಣ ಮುಂದೆ ಹಾದು ಹೋದದ್ದು ಎಲ್ಲಾದರೂ ಅಂಟಿರಬಹುದಲ್ಲ.

ಇದನ್ನು ಮೇಲಿಂದ ಓದಿದೆ. ತಂಗಿಗೂ ಹೀಗೆಯೇ ಹೇಳಿದೆನಂತೆ. "ಅಕ್ಕ ಪಕ್ಕದ ರೂಮಲ್ಲೇ ಇದ್ದಾಳೆ, ಭಾವ. ಆಡ್ತಿದ್ದಳು, ಅಂತಿದ್ದಳು ಅಂತೀರಲ್ಲ. ಕಳಿಸ್ಕೊಟ್ಟು ಬಂದ್ರಾ ಅವಳನ್ನ?" ಎಂದು ಬೈದಳು.

ಜೂನ್ ೧೧, ಮಂಗಳವಾರ

ಬೆಳಿಗ್ಗೆ ದಿಂಬಿಗೆ ಒರಗಿಸಿ ಕೂರಿಸಿ ಶುರು ಮಾಡಿದೆ.

"ಗುಬ್ಬಿ ಗುಬ್ಬಿ, ಎಲ್ಲಿಗೆ ಹೊರಟೆ ಗೂಡನು ಬಿಟ್ಟು?"

ಕಾದೆ. ಎರಡನೇ ಸಾಲು ತೀರ ಸುಲಭ: "ಮಣ್ಣಿನ ರೆಕ್ಕೆಗೆ ಗಾಳಿಯ ಮೇಲೆ ಎಷ್ಟೊಂದು ಸಿಟ್ಟು!" ಇವಳ ತುಟಿ ಅಲುಗಿತು. ಕಿವಿಯನ್ನು ಹತ್ತಿರ ಒಯ್ದೆ.

"ಮುಂದೆ," ಎಂದಳು.

ಇನ್ನೊಂದು ಹೇಳಿದೆ. ಮತ್ತೊಂದು. ಬಿಟ್ಟು, ಸಿಟ್ಟು ಎಂದು ಪ್ರಾಸವನ್ನು ಕೈಗಿಟ್ಟು ನೋಡಿದೆ. ಪ್ರತಿ ಸಲವೂ "ಮುಂದೆ". ಕೊನೆಗೆ ಅಳತೊಡಗಿದಳು. ಅಳು ಮಾತ್ರ ಪೂರ್ತಿ ಬರುತ್ತದೆ, ಅದಕ್ಕೆ ಯಾವ ಅಕ್ಷರವೂ ಬೇಡ. ಕಣ್ಣೊರೆಸಲು ಹೋದರೆ ಎಡಗೈಯಿಂದ ನನ್ನ ಕೈ ತಳ್ಳಿದಳು.

ಜೂನ್ ೨೦, ಗುರುವಾರ

ಲ್ಯಾಬಿನಿಂದ ಇವಳ ಸಾಮಾನು ಕಳಿಸಿದ್ದಾರೆ. ಒಂದು ಡಬ್ಬಿ, ಅದರಲ್ಲಿ ಮೇಣದ ಚಾಕು, ಸಣ್ಣ ಸ್ಪಿರಿಟ್ ದೀಪ, ಇವಳ ಕನ್ನಡಕ. ಬೇರೆಯವರನ್ನು ತೆಗೆದುಕೊಂಡರಂತೆ. ಹಲ್ಲಿಲ್ಲದವರು ಎಷ್ಟು ದಿನ ಕಾಯುತ್ತಾರೆ, ಅದೂ ಸರಿ.

ಅಡಗಿಸಿಡಬೇಕಿತ್ತು. ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಚಾಕುವನ್ನು ಎಡಗೈಯಲ್ಲಿ ಹಿಡಿದು ಮೇಣದ ಒಂದು ತುಂಡನ್ನು ಕೊರೆಯಲು ನೋಡುತ್ತಿದ್ದಳು. ಬಲಗೈಯ ಅಡಿ ಮೇಣವನ್ನು ಒತ್ತಿಹಿಡಿದಿದ್ದಳು, ಕಾಗದ ಹಾರದ ಹಾಗೆ ಕಲ್ಲಿಡುತ್ತಾರಲ್ಲ, ಹಾಗೆ. ಮೇಣ ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಟ್ಟೆ. ಮತ್ತೆ ಬಿತ್ತು. ಎತ್ತಿಕೊಟ್ಟೆ. ಮೂರನೆಯ ಸಲ ಎತ್ತಿಕೊಡಲು ನನ್ನಿಂದ ಆಗಲಿಲ್ಲ.

ಪ್ರಾಸ ಇಲ್ಲ ಇವತ್ತು.

ಜುಲೈ ೨, ಮಂಗಳವಾರ

ಕಂಪನಿಯ ಯಜಮಾನ ಫೋನು ಮಾಡಿದ್ದ. ನನಗಿಂತ ಚಿಕ್ಕವನು, ಆದರೂ ಯಜಮಾನ.

"ಮೇಡಂ ಹೇಗಿದ್ದಾರೆ ಸಾರ್?"

"ಇದ್ದಾರೆ."

"ಆರನೇ ಭಾಗದ ಜೊತೆ ದೀಪದವನು ಮುಗೀತು ಸಾರ್. ಎಲ್ಲ ಗುಬ್ಬೀದೂ ಆಗಿದೆ, ಕೊನೇ ಗುಬ್ಬೀದು ಮಾತ್ರ ಬಾಕಿ. ಐದು ಭಾಗ ಆಡಿದವರು ಅದನ್ನ ಎತ್ತಿಕೊಂಡಾಗ ಕಣ್ಣಲ್ಲಿ ನೀರು ಬರಬೇಕು."

"ನೀರಿಗೇನೂ ಕೊರತೆಯಿಲ್ಲ," ಎಂದೆ. "ಸಾಲು ನೋಡೋಣ."

ಕೂತು ನೋಡಿದೆ. ಗುಬ್ಬಿ, ತಬ್ಬಿ. ಹಕ್ಕಿ, ಬಿಕ್ಕಿ. ಹಲ್ಲಿನ ಸೆಟ್ಟಿನ ಹಾಗೆ ಪ್ರಾಸಗಳು ಸಾಲಾಗಿ ಕೂತವು. ಕಚ್ಚಲು ಮಾತ್ರ ಏನೂ ಇಲ್ಲ.

ಜುಲೈ ೧೪, ಭಾನುವಾರ

ತಂಗಿಯ ಹಟ. "ಅಕ್ಕನ ಆಟ ಹಾಕಿ, ಭಾವ. ಗೋಡೆ ನೋಡೋದಕ್ಕಿಂತ ಅದನ್ನ ನೋಡಲಿ."

ಮೊದಲ ಭಾಗ ಹಾಕಿ ಕಂಟ್ರೋಲರನ್ನು ತೊಡೆಯ ಮೇಲಿಟ್ಟೆ. ಎರಡು ಕೈಯ ವಸ್ತು ಅದು. ಎಡಗೈಯಲ್ಲಿ ದೀಪದವನನ್ನು ನಡೆಸಿದಳು, ಹಾರಿಸಲು ಬಲಗೈ ಬೇಕಿತ್ತು. ಅವನು ಒಂದು ಮೋಟುಗೋಡೆಗೆ ಹಣೆ ಒತ್ತಿಕೊಂಡು ನಡೆಯುತ್ತಲೇ ಇದ್ದ, ನಡೆಯುತ್ತಲೇ ಇದ್ದ. ಇವಳು ಕಂಟ್ರೋಲರನ್ನು ಎಸೆದಳು. ಬಾಗಿಲಿಗೆ ಬಡಿದು ಅದರ ಬ್ಯಾಟರಿಯ ಮುಚ್ಚಳ ಹಾರಿತು.

ತಂಗಿ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು, ಅಳು ಕೇಳಿಸಬಾರದೆಂದು. ನಾನು ಮುಚ್ಚಳ ಹಾಕಿ, ಬೇರೇನೂ ಮಾಡಲು ತೋಚದೆ, ಅವನನ್ನು ಆ ಗೋಡೆ ಹತ್ತಿಸಿದೆ. ಅದಕ್ಕೇ ಎಷ್ಟೋ ಹೊತ್ತು ಹಿಡಿಯಿತು. ಗೋಡೆಯ ಆಚೆ ಚಿಂವ್ ಎಂದಿತು. ಅಂಗೈಯಗಲದ ಕಂದು ಗುಬ್ಬಿ, ಕೊಕ್ಕು ಸ್ವಲ್ಪ ಸೊಟ್ಟ. ಎತ್ತಿಕೊಂಡೆ. ಪರದೆಯ ಮೇಲೆ ನನ್ನ ಪದ್ಯ ಬಂತು.

ಅದರ ಕೆಳಗೆ, ಬಲಮೂಲೆಯಲ್ಲಿ, ಸಣ್ಣ ಚೌಕದೊಳಗೆ: ಮುಂದೆ.

ಮರೆತೇಬಿಟ್ಟಿದ್ದೆ. ಅದನ್ನೂ ಬರೆದವನು ನಾನೇ. ‘ಮುಂದುವರಿಯಿರಿ’ ಎಂದು ಕೊಟ್ಟಿದ್ದೆ, ಚೌಕದಲ್ಲಿ ಹಿಡಿಸಲಿಲ್ಲ. ‘ದಾಟಿಸಿ’ ಎಂದೆ, ಹೊಳೆ ದಾಟಲು ದೋಣಿಗೆ ನಿಂತ ಹಾಗಿದೆ ಎಂದರು. ಕೊನೆಗೆ ಬೇಸತ್ತು ‘ಮುಂದೆ’ ಎಂದು ಬರೆದು ಚಹಾ ಕುಡಿಯಲು ಹೋಗಿದ್ದೆ.

ಎಷ್ಟು ವರ್ಷ ಎಷ್ಟು ಪದ್ಯ. ಹಲ್ಲುಜ್ಜುವಾಗ ತಿದ್ದಿದ್ದು, ಬಸ್ಸಿನಲ್ಲಿ ನಿಂತು ಛಂದಸ್ಸಿನ ಮಾತ್ರೆ ಎಣಿಸಿದ್ದು. ಅದರಲ್ಲಿ ಒಂದಕ್ಷರವೂ ಇವಳಲ್ಲಿ ಉಳಿಯಲಿಲ್ಲ. ಅವನ್ನು ಓಡಿಸಲೆಂದು ಬರೆದುಕೊಟ್ಟ ಪದ ಉಳಿಯಿತು.

ಇವಳನ್ನು ನೋಡಿದೆ. ಇವಳು ಪರದೆ ನೋಡುತ್ತಿದ್ದಳು.

"ಮುಂದೆ," ಎಂದಳು. ಒತ್ತಿದೆ.

ಜುಲೈ ೨೯, ಸೋಮವಾರ

ಸಂಜೆ ಸಂಜೆ ಆಡುತ್ತೇನೆ. ಹೊಸದಾಗಿ ಶುರು ಮಾಡಿದರೆ ಗುಬ್ಬಿಗಳೆಲ್ಲ ತಂತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ, ಏನೂ ಕಳೆದೇ ಇರಲಿಲ್ಲವೇನೋ ಎಂಬಂತೆ. ಇಂಥ ಸೌಲಭ್ಯ ಆಟದಲ್ಲಿ ಮಾತ್ರ.

ನಾನು ಬೀಳದ ಗುಂಡಿಯಿಲ್ಲ, ಮುಳುಗದ ಕಾಲುವೆಯಿಲ್ಲ. ಇವತ್ತು ಒಂದು ಕಾರ್ಖಾನೆಯ ಹೊಗೆಗೂಡು ಹತ್ತಿಸಿದಳು. ತುದಿಯಲ್ಲಿ ಗುಬ್ಬಿ. ಸುತ್ತ ಬರೀ ಆಕಾಶ. ಪದ್ಯ ಬಂತು:

"ಬಾವಿಗೆ ಇಣುಕಿದ ಗುಬ್ಬಿಗೆ ಕಂಡಿತು ಇನ್ನೊಂದು ಗುಬ್ಬಿ,
ನಕ್ಕರೆ ನಕ್ಕಿತು, ಅತ್ತರೆ ಅತ್ತಿತು ನೀರನ್ನೇ ತಬ್ಬಿ."

ಬಾವಿ! ಆ ಎತ್ತರದಲ್ಲಿ! ಸುತ್ತಮುತ್ತ ಒಂದು ಹನಿ ನೀರಿಲ್ಲ. ನನ್ನ ಅತ್ಯುತ್ತಮ ಎರಡು ಸಾಲು ಇವು ಎಂದು ನಾನೇ ಅಂದುಕೊಂಡು ತಿರುಗುತ್ತಿದ್ದೆ. ಹಾಗಾದರೆ ಉಳಿದವು? ಕತ್ತಲ ನೆಲಮಾಳಿಗೆಯಲ್ಲಿ ಸೂರ್ಯೋದಯದ ಪದ್ಯ, ಸೂರ್ಯೋದಯದಲ್ಲಿ ಮೀನಿನದು. ಹಾಳೆ ನೋಡಿ ಬರೆದವನ ಹಣೆಬರಹ.

ಇವಳಿಗೆ ಗೊತ್ತಿತ್ತು. ಅರ್ಧ ಬಾಯಲ್ಲಿ ನಗುತ್ತಿದ್ದಳು, ಎಡಗಡೆಯ ಅರ್ಧ. ಪ್ರತಿ ಭಾನುವಾರ ಇದನ್ನು ನೋಡಿ ನನಗೆ ಹೇಳದೆ ಬಿಟ್ಟಿದ್ದಳು ಎಂದಾಯಿತು. ಬೇಜಾರಾಗದಿರಲಿ ಎಂದೋ, ಹೇಳಿದರೆ ತಿದ್ದಲು ಕೂತು ತಲೆ ತಿನ್ನುತ್ತೇನೆಂದೋ. ಕೇಳಬೇಕೆಂದರೆ ಈಗ ಉತ್ತರ ಎಲ್ಲಿದೆ.

ಆಗಸ್ಟ್ ೯, ಶುಕ್ರವಾರ

ಮಾತು ಕಲಿಸುವ ಮೇಡಂ ಚಿತ್ರದ ಹಲಗೆಗಳನ್ನು ಚೀಲಕ್ಕೆ ಹಾಕಿಕೊಂಡರು. ಇನ್ನು ವಾರಕ್ಕೊಮ್ಮೆ ಬರುವ ಅಗತ್ಯವಿಲ್ಲವಂತೆ.

"ಅಂದ್ರೆ?"

"ಸುಳ್ಳು ಭರವಸೆ ಕೊಡೋಕೆ ನನಗೆ ಇಷ್ಟ ಇಲ್ಲ ಸಾರ್. ಇಷ್ಟರೊಳಗೆ ಎರಡನೇ ಪದವಾದ್ರೂ ಬರಬೇಕಿತ್ತು. ಇನ್ಮೇಲೆ ಬಂದ್ರೆ ನನಗೂ ಆಶ್ಚರ್ಯ, ಸಂತೋಷ."

ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಭುಜ ತಟ್ಟಿ ಹೋದರು. ಒಳ್ಳೆಯ ಹೆಂಗಸು. ಇನ್ನಷ್ಟು ಕೆಟ್ಟವಳಾಗಿದ್ದರೆ ಬೈಯಬಹುದಿತ್ತು.

ಬಾಗಿಲು ಹಾಕಿ ಅಲ್ಲೇ ನಿಂತೆ. ಇನ್ನು ಈ ಮನೆಯಲ್ಲಿ "ಪ್ರಾಸಪ್ಪ" ಎಂಬ ಸದ್ದು ಹುಟ್ಟುವುದಿಲ್ಲ. ಯಾರೂ ನನ್ನನ್ನು ಹಾಗೆ ಆಡಿಕೊಳ್ಳುವುದಿಲ್ಲ. ನಾನು ಏನು ಹೇಳಿದರೂ ಕೊನೆಯ ಮಾತು ನನ್ನದೇ. ಮದುವೆಯಾದಾಗಿನಿಂದ ಅದೊಂದು ಗೆಲುವು ಬೇಕಿತ್ತು ನನಗೆ, ತಗೋ, ಸಿಕ್ಕಿತು. ಮಾತನ್ನೇ ನಂಬಿ ಉಂಡವನ ಮನೆಗೇ ಬಂದು ಮಾತನ್ನೇ ಎತ್ತಿಕೊಂಡು ಹೋಯಿತು. ಕಳ್ಳನಿಗೆ ಮನೆಯ ಗುರುತಿತ್ತು.

ಸಂಜೆ ಆಟ ಹಾಕಲಿಲ್ಲ. ಇವಳು ಪರದೆಯ ಎದುರು ತಾನೇ ಹೋಗಿ ಕೂತಳು. ಆದರೂ ಹಾಕಲಿಲ್ಲ.

ಆಗಸ್ಟ್ ೧೦

ಎದ್ದೆ. ಉಂಡೆ. ಉಣ್ಣಿಸಿದೆ.

ಆಗಸ್ಟ್ ೧೨

ಅದೇ.

ಆಗಸ್ಟ್ ೨೫, ಭಾನುವಾರ

ಎರಡನೇ ಭಾಗ ಮುಗಿಯುತ್ತ ಬಂದಿದೆ. ಆಡದಿದ್ದರೆ ಇವಳು ಕಂಟ್ರೋಲರ್ ತಂದು ನನ್ನ ಮಡಿಲಿಗೆ ಹಾಕುತ್ತಾಳೆ. ಕಾಲು ಅಷ್ಟು ಬಂದಿದೆ, ಗೋಡೆ ಹಿಡಿದು ಬರುತ್ತಾಳೆ.

ಇವತ್ತು ಸೇತುವೆ ಮುರಿದ ಜಾಗದಲ್ಲಿ ಜಗಳವಾಯಿತು.

"ಎಡಕ್ಕೆ ಹೋಗಲಾ?"

"ಮುಂದೆ."

"ಮುಂದೆ ನೆಲಾನೇ ಇಲ್ಲ ಕಣೇ. ನೋಡು."

"ಮುಂದೆ!"

"ಬಿದ್ದರೆ ನಾನು ಜವಾಬ್ದಾರನಲ್ಲ."

"ಮುಂದೇ..." ಎಂದು ರಾಗ ಎಳೆದಳು, ಇವನ ಹೇಡಿತನ ಗೊತ್ತಿದ್ದದ್ದೇ ಎನ್ನುವಂತೆ.

ಹಾರಿದೆ. ಬಿದ್ದೆ. ಬೀಳುವಾಗ ಕೆಳಗಿನ ಕಮಾನಿನೊಳಗಿಂದ ಚಿಂವ್ ಕೇಳಿಸಿತು. ಬೀಳಿಸಲೆಂದೇ ಹಾರಿಸಿದ್ದಳು. ತಂಗಿ ಅಡುಗೆಮನೆಯಿಂದ ಇಣುಕಿ, "ಏನ್ ಗಲಾಟೆ ನಿಮ್ಮಿಬ್ಬರದು? ಬೀದಿಗೆಲ್ಲ ಕೇಳ್ತಿದೆ," ಎಂದಳು. "ನೋಡು ನಿನ್ನ ಅಕ್ಕನ್ನ, ಹೇಳದೆ ಕೇಳದೆ ತಳ್ಳಿಬಿಟ್ಟಳು," ಎಂದೆ.

ತಂಗಿ ನಮ್ಮಿಬ್ಬರನ್ನು ಸುಮ್ಮನೆ ನೋಡುತ್ತ ನಿಂತಳು. ಯಾಕೋ ಕಣ್ಣೊರೆಸಿಕೊಂಡಳು. ಅವಳಿಗೂ ಸುಸ್ತಾಗಿದೆ, ಪಾಪ. ನಾಲ್ಕು ದಿನ ಅವಳ ಮನೆಗೆ ಕಳಿಸಬೇಕು.

ಬೆಳಿಗ್ಗೆ ಒಂದು ಪದ್ಯದ ಮೊದಲ ಸಾಲು ಹೇಳಿ ನೋಡಿದ್ದೆ. ಎರಡನೆಯದು ಬರಲಿಲ್ಲ. ಆಸೆಯಿಂದ ಹೇಳಿದ್ದಲ್ಲ; ಕಳೆದ ವಸ್ತುವಿಗೆ ಅದೇ ಜೇಬನ್ನು ಮತ್ತೆ ಮತ್ತೆ ತಡಕುತ್ತೇವಲ್ಲ, ಹಾಗೆ.

ಸೆಪ್ಟೆಂಬರ್ ೬, ಶುಕ್ರವಾರ

ಯಜಮಾನ ಮತ್ತೆ ಫೋನು ಮಾಡಿದ. ಇವತ್ತು ಕೊಡದಿದ್ದರೆ ಬೇರೆಯವರಿಂದ ಬರೆಸುತ್ತಾರಂತೆ. ಆ ಕೊನೆಯ ಗುಬ್ಬಿ ಎಲ್ಲಿದೆ ಎಂದು ಕೇಳಿದೆ.

ಅವನಿಗೆ ಗಾಬರಿ. "ಯಾಕೆ ಸಾರ್? ಇಷ್ಟು ವರ್ಷ ಕೇಳಿಲ್ಲವಲ್ಲ?"

"ಈಗ ಕೇಳ್ತಿದ್ದೀನಿ."

ದೀಪದವನ ಸ್ವಂತ ಮನೆಯ ಹೊಸ್ತಿಲ ಬಳಿಯಂತೆ. ಮೊದಲಿಂದ ಅಲ್ಲೇ ಇತ್ತು, ಊರೆಲ್ಲ ಸುತ್ತಿ ಬಂದ ಮೇಲೆ ಕಾಣಿಸುತ್ತದೆ ಎಂದ. ಕೂತೆ. ಮಧ್ಯಾಹ್ನದ ಹೊತ್ತಿಗೆ ಬರೆದು ಕಳಿಸಿದೆ: "ಗುಬ್ಬಿ ಇಲ್ಲಿದೆ."

ತಕ್ಷಣ ಫೋನು. "ಎರಡನೇ ಸಾಲು?"

"ಇಲ್ಲ."

"ಪ್ರಾಸ?"

"ಇಲ್ಲಪ್ಪ. ಎಲ್ಲ ಖಾಲಿ."

"ಇರಲಿ ಬಿಡಿ ಸಾರ್," ಎಂದ. ಅಯ್ಯೋ ಪಾಪ ಎಂದುಕೊಂಡಿರಬೇಕು. ನಾನೂ ಅಂದುಕೊಂಡೆ.

ಸೆಪ್ಟೆಂಬರ್ ೧೫, ಭಾನುವಾರ

ಈ ದಿನಕ್ಕೆ ಹೆದರಿಕೊಂಡೇ ಇದ್ದೆ. ಮೂರನೇ ಭಾಗದಲ್ಲಿ ಒಂದು ಗುಬ್ಬಿ ಇವಳದು. ಹಾಳೆಯಲ್ಲಿ ಅದೂ ಒಂದು ಸಂಖ್ಯೆ. ಯಾರಿಗೂ ಹೇಳದೆ ಅಲ್ಲಿ ಇವಳ ಮೇಲೆ ಬರೆದಿದ್ದೆ. ಇವಳು ನೋಡಿ ಏನಾದರೂ ಅಂದಾಳೆಂದು ಆಗ ಎಷ್ಟೋ ಭಾನುವಾರ ಪಕ್ಕದ ಮೇಜಿನಲ್ಲಿ ಕಿವಿ ನಿಮಿರಿಸಿ ಕೂತಿದ್ದೆ. ಚಿಂವ್, ಟಕ್, ಚಿಂವ್, ಟಕ್. ಅದರಲ್ಲಿ ಯಾವುದೋ ಒಂದು ಟಕ್ಕಿನಲ್ಲಿ ಅದೂ ಹೋಗಿತ್ತು. ಕೇಳಲು ಮಾನ ಅಡ್ಡ ಬಂತು.

ಇವತ್ತು ಸಿಕ್ಕಿತು. ಎಲ್ಲಿ ಅಂತೀರಿ? ಬೀದಿ ನಲ್ಲಿಯ ಪಕ್ಕ, ಒಡೆದ ಬಕೆಟ್ಟಿನೊಳಗೆ. ಎತ್ತಿಕೊಂಡೆ.

"ಊರಿಗೆ ನಗುವನು ಕಟ್ಟುವ ಕೈಯಲಿ ಕೂತಿತು ಹಕ್ಕಿ,
ಹಾರಲು ಮರೆತಿತು, ಹಾಡಲು ಮರೆತಿತು, ಸಂತಸ ಉಕ್ಕಿ."

ಹಾಡಲು ಮರೆತಿತು. ಮಾತ್ರೆ ಹೊಂದಲಿಲ್ಲವೆಂದು ತುರುಕಿದ ಎರಡು ಪದ. ಈ ಬೆರಳೇ ಬರೆದದ್ದು. ಗುಂಡಿ ಒತ್ತದೆ ಕೂತೆ. ಗಟ್ಟಿಯಾಗಿ ಓದಬೇಕು ಎಂದುಕೊಂಡೆ. ಇದು ನಿನ್ನದು, ನಿನಗೆ ಎಂದು ಬರೆದದ್ದು, ಒಮ್ಮೆಯಾದರೂ ನೋಡು ಎನ್ನಬೇಕು ಎಂದುಕೊಂಡೆ. ಬಾಯಿ ತೆರೆದೆ. ನನಗೂ ಪದ ಸಿಗಲಿಲ್ಲ.

ಇವಳು ನನ್ನ ಮುಖ ನೋಡಿದಳು. ಪರದೆ ನೋಡಿದಳು. ಮತ್ತೆ ನನ್ನ ಮುಖ. ಆಮೇಲೆ ನನ್ನ ಕೈಯ ಮೇಲಿಂದ ಎಡಗೈ ಚಾಚಿ ಹೆಬ್ಬೆರಳಿನಿಂದ ಒತ್ತಿದಳು.

ಟಕ್.

"ಮುಂದೆ," ಎಂದಳು.

"ಓದೇ ಒಂದ್ಸಲ! ನಿನ್ನ ಮೇಲೆ ಬರೆದದ್ದು ಕಣೇ, ದಡ್ಡೀ!"

"ಮುಂದೆ, ಮುಂದೆ," ಎಂದು ಬೀದಿಯ ಕತ್ತಲ ಕಡೆ ಗಲ್ಲ ಎತ್ತಿ ತೋರಿಸಿದಳು. ಅಲ್ಲಿ ಇನ್ನೂ ದೀಪ ಹಚ್ಚಿರಲಿಲ್ಲ. ಅವಳ ಎಡಗೈ ನನ್ನ ಕೈಯ ಮೇಲೇ ಇತ್ತು, ತೆಗೆಯಲಿಲ್ಲ. ಹಾಗೇ ಮೂರು ಕೈಯಲ್ಲಿ ಆ ಬೀದಿ ಮುಗಿಸಿದೆವು.

ಬೇರೆ ವಿಶೇಷವೇನೂ ಇಲ್ಲ. ತಟ್ಟೆ ಸರಿಸಿ ಊಟಕ್ಕೆ ಉಪ್ಪು ಜಾಸ್ತಿಯಾಯಿತು ಎಂದಳು, ತಂಗಿಯ ಕಡೆ ಗಲ್ಲ ಎತ್ತಿ ನಾಳೆ ಅಡುಗೆ ಅವಳಿಗೇ ಬಿಡಿ ಎಂದಳು, ನನ್ನ ಗಡ್ಡ ನೋಡಿ ನಕ್ಕಳು. ಮಾತು ಬರಲಿಲ್ಲ.